ಗಾಜಿನ ಮಣಿಗೆ ಆರುವ ಹದ

ವಿದ್ಯಾರ್ಥಿಗಳೇ, ಮದುವೆಯ ಮನೆಯಲ್ಲಿ ತಾಳಿಯ ಜೊತೆಗೆ ಕರಿಮಣಿ ಪೋಣಿಸುವುದನ್ನು ನೀವು ನೋಡಿರುತ್ತೀರಿ. ಜೋಳದ ಕಾಳಿಗಿಂತ ಚಿಕ್ಕದಾದ ಆ ಮಣಿ ಗಾಜಿನದು. ಅದು ವರ್ಷಗಟ್ಟಲೆ ಮೈಯ ಬಿಸಿಯನ್ನೂ ಬೆವರನ್ನೂ ಸ್ನಾನದ ನೀರನ್ನೂ ತಡೆದುಕೊಳ್ಳುತ್ತದೆ. ಅದೇ ಗಾಜಿನಿಂದ ಕೈಯಲ್ಲಿ ಮಾಡಿದ ಇನ್ನೊಂದು ಮಣಿ ಪೆಟ್ಟಿಗೆಯಲ್ಲಿ ಸುಮ್ಮನೆ ಇದ್ದಾಗಲೇ ಒಂದು ದಿನ ಚಟ್ಟೆಂದು ಸೀಳಬಹುದು. ಯಾರೂ ಮುಟ್ಟಿಲ್ಲ, ಯಾವ ಪೆಟ್ಟೂ ಬಿದ್ದಿಲ್ಲ. ಹಾಗಾದರೆ ಅದು ಒಡೆದದ್ದು ಏಕೆ?

ಆ ಮಣಿ ಹುಟ್ಟಿದ ದಿನವೇ ಅದರ ಕಾರಣವೂ ಹುಟ್ಟಿರುತ್ತದೆ. ಮಣಿಗೆ ಆಕಾರ ಕೊಡುವುದು ಬೆಂಕಿ. ಆಯುಸ್ಸು ಕೊಡುವುದು ಅದು ಆರುವ ರೀತಿ. ಬಿಸಿ ಗಾಜನ್ನು ಗೊತ್ತಾದ ಶಾಖದಲ್ಲಿ ಕೆಲಹೊತ್ತು ಇರಿಸಿ, ಬಳಿಕ ನಿಧಾನವಾಗಿ ತಣಿಸುವ ಈ ಕ್ರಿಯೆಗೆ ಅನೀಲಿಂಗ್ ಎಂದು ಹೆಸರು. ನಾವು ಅದನ್ನು ಹದವಾಗಿ ಆರಿಸುವುದು ಎನ್ನೋಣ. ಅದಕ್ಕೆ ಬೇಕಾದ ಪುಟ್ಟ ಆವಿಗೆಯನ್ನು ಆರಿಸಿಕೊಳ್ಳುವುದು ಹೇಗೆ ಎಂಬುದು ಈ ಲೇಖನದ ವಿಷಯ. ಇತಿಹಾಸದ ಪುಟದಲ್ಲಿ ಆವಿಗೆಯ ಮಾತೇಕೆ ಎಂದು ನೀವು ಕೇಳಬಹುದು. ಸರಿಯಾದ ಆವಿಗೆಯ ಲಕ್ಷಣವನ್ನು ನಮ್ಮ ನಾಡಿನ ಹಳೆಯ ಗಾಜುಗಾರರ ಕೆಲಸವೇ ಹೇಳುತ್ತದೆ, ಅದಕ್ಕಾಗಿ.

ದಕ್ಷಿಣ ಭಾರತಕ್ಕೆ ಗಾಜಿನ ಮಣಿ ಹೊಸದಲ್ಲ. ರಾಯಚೂರು ಜಿಲ್ಲೆಯ ಮಸ್ಕಿ, 1915ರಲ್ಲಿ ದೊರೆತ ಅಶೋಕನ ಶಾಸನದಿಂದ ನಿಮಗೆಲ್ಲ ಪರಿಚಿತ. ಅದೇ ಊರಿನಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಅವರ ಮೇಲ್ವಿಚಾರಣೆಯಲ್ಲಿ ನಡೆದ ಉತ್ಖನನದಲ್ಲಿ ಗಾಜಿನ ಮಣಿಗಳೂ ಸಿಕ್ಕವು. ಪುದುಚೇರಿಯ ಬಳಿಯ ಅರಿಕಮೇಡು ಇನ್ನೂ ದೊಡ್ಡ ಕೇಂದ್ರವಾಗಿತ್ತು. 1945ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆತ ನಡೆಸಿದರು. ಗಾಜನ್ನು ಉದ್ದನೆಯ ಕೊಳವೆಯಾಗಿ ಎಳೆದು, ತುಂಡರಿಸಿ ಮಾಡಿದ ಒಂದೇ ಬಣ್ಣದ ಪುಟ್ಟ ಮಣಿಗಳು ಅಲ್ಲಿ ತಯಾರಾಗುತ್ತಿದ್ದವು. ಇಂಥ ಮಣಿಗಳು ಹಡಗು ಹತ್ತಿ ಆಫ್ರಿಕದ ಪೂರ್ವ ಕರಾವಳಿಯಿಂದ ಆಗ್ನೇಯ ಏಷ್ಯದವರೆಗೆ ಹರಡಿದವು. ಮಣಿಗಳ ಇತಿಹಾಸವನ್ನೇ ಬದುಕಾಗಿಸಿಕೊಂಡಿದ್ದ ಅಮೆರಿಕದ ವಿದ್ವಾಂಸ ಪೀಟರ್ ಫ್ರಾನ್ಸಿಸ್ ಇವುಗಳನ್ನು ‘ಇಂಡೋ-ಪೆಸಿಫಿಕ್ ಮಣಿ’ ಎಂದು ಕರೆದರು.

ಆ ಹಳೆಯ ವಿಧಾನ ನಮ್ಮ ಕಾಲದವರೆಗೂ ಉಳಿದು ಬಂದ ಊರು ಆಂಧ್ರಪ್ರದೇಶದ ತಿರುಪತಿಯ ಕಡೆಯ ಪಾಪಾನಾಯುಡುಪೇಟ. ಅಲ್ಲಿಯ ಕುಶಲಕರ್ಮಿಗಳು ಕುಲುಮೆಯಿಂದ ಗಾಜಿನ ಕೊಳವೆ ಎಳೆಯುವುದನ್ನು ನೋಡಿದರೆ ಸಕ್ಕರೆ ಪಾಕದ ಎಳೆ ತೆಗೆಯುವುದು ನೆನಪಾಗುತ್ತದೆ. ಕೊಳವೆಯನ್ನು ಸಣ್ಣಗೆ ಕತ್ತರಿಸಿದಾಗ ತುದಿಗಳು ಹರಿತವಾಗಿರುತ್ತವೆ. ಆ ಚೂರುಗಳನ್ನು ಬೂದಿಯೊಡನೆ ಬೆರೆಸಿ ಮತ್ತೆ ಕಾಯಿಸುತ್ತಾರೆ. ಆಗ ಅಂಚು ಗುಂಡಗಾಗುತ್ತದೆ. ಮಣಿಗೆ ಮಣಿ ಅಂಟುವುದಿಲ್ಲ, ತೂತೂ ಮುಚ್ಚುವುದಿಲ್ಲ. ಬೂದಿಗೆ ಇನ್ನೊಂದು ಗುಣವಿದೆ. ಅದು ಕಾವನ್ನು ಬೇಗ ಬಿಟ್ಟುಕೊಡುವುದಿಲ್ಲ. ರಾತ್ರಿ ಒಲೆಯಲ್ಲಿ ಬೂದಿ ಮುಚ್ಚಿದ ಕೆಂಡ ಬೆಳಗಿನವರೆಗೂ ಜೀವಂತವಾಗಿರುವುದು ಈ ಗುಣದಿಂದಲೇ.

ಈಗ ಮಂಡ್ಯ ಸೀಮೆಯ ದಾರಿಗೆ ಬರೋಣ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮರುವರ್ಷ ಗವರ್ನರ್ ಜನರಲ್ ವೆಲ್ಲೆಸ್ಲಿ ಈ ನಾಡಿನ ಬೆಳೆ, ಕಸುಬು, ವ್ಯಾಪಾರಗಳನ್ನು ತಿಳಿದುಬರಲು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿದ. 1800ರಲ್ಲಿ ಆತ ಬೆಂಗಳೂರಿನಿಂದ ಚನ್ನಪಟ್ಟಣ, ಮದ್ದೂರು, ಮಂಡ್ಯದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ. ಇಂದು ಬೊಂಬೆಗಳಿಗೆ ಹೆಸರಾದ ಚನ್ನಪಟ್ಟಣದಲ್ಲಿ ಹಿಂದೆ ಗಾಜಿನ ಬಳೆಗಳೂ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯೂ ಆಗುತ್ತಿದ್ದವೆಂದು ಬ್ರಿಟಿಷರ ಕಾಲದ ಗೆಜೆಟಿಯರುಗಳು ಹೇಳುತ್ತವೆ.

ಗಾಜಿನ ಕೆಲಸವನ್ನು ಬುಕಾನನ್ ವಿವರವಾಗಿ ಬರೆದದ್ದು ಇಂದಿನ ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಬಗ್ಗೆ. ಆತನ ಪ್ರವಾಸ ಕಥನ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ಮತ್ತೋಡಿನವರು ಗಾಜಿಗೆ ಬಳಸುತ್ತಿದ್ದ ಮುಖ್ಯ ಸಾಮಗ್ರಿ ಎರಡು: ಬಿಳಿ ಬೆಣಚುಕಲ್ಲಿನ ಪುಡಿ ಮತ್ತು ಸೌಳು, ಅಂದರೆ ಚೌಳು ಮಣ್ಣಿನ ಕ್ಷಾರ. ನಾಲೆಯ ನೀರು ನಿಂತು ಬೆಳ್ಳಗೆ ಉಪ್ಪು ಬಿಟ್ಟ ಗದ್ದೆಯನ್ನು ಕೊತ್ತತ್ತಿಯ ಕಡೆಯ ರೈತ ಶಾಪವೆಂದು ನೋಡುತ್ತಾನೆ. ಅಂಥದೇ ಕ್ಷಾರ ಮಣ್ಣು ಗಾಜುಗಾರನಿಗೆ ಬಂಡವಾಳವಾಗಿತ್ತು. ಕಲ್ಲಿನ ಪುಡಿ ಕಡಿಮೆ ಶಾಖಕ್ಕೆ ಕರಗುವಂತೆ ಮಾಡುವುದು ಆ ಕ್ಷಾರವೇ.

ಬುಕಾನನ್ನನ ಬರಹದಲ್ಲಿ ಒಂದು ಸಂಗತಿಯನ್ನು ನೀವು ವಿಶೇಷವಾಗಿ ಗಮನಿಸಬೇಕು. ಮತ್ತೋಡಿನ ಗಾಜಿನ ಕುಲುಮೆಗಳು ಬಯಲಲ್ಲಿ ನಿಂತ ತೆಳ್ಳನೆಯ ಒಲೆಗಳಲ್ಲ. ಊರಕೋಟೆಯ ಒಳಬದಿಗೆ ಹೊಂದಿಕೊಂಡ ಎತ್ತರದ ಮಣ್ಣಿನ ದಿಣ್ಣೆಯಲ್ಲೇ ಅವುಗಳನ್ನು ಕಟ್ಟಿದ್ದರು. ಸುತ್ತಲೂ ಅಷ್ಟು ಮಣ್ಣಿದ್ದರೆ ಏನಾಗುತ್ತದೆ? ಕಾಯಲು ಹೊತ್ತು ಬೇಕು. ಒಮ್ಮೆ ಕಾದರೆ ಆರಲೂ ಅಷ್ಟೇ ಹೊತ್ತು ಬೇಕು. ಕುಂಬಾರನಿಗೂ ಇದು ಗೊತ್ತು. ಆವಿಗೆ ಪೂರ್ತಿ ಆರುವ ಮುನ್ನ ಅವನು ಮಡಕೆ ತೆಗೆಯುವುದಿಲ್ಲ.

ಮುಂದೆ ಆಸ್ಟ್ರಿಯ ಮತ್ತು ಜಪಾನಿನಿಂದ ಅಗ್ಗದ ಬಳೆ, ಮಣಿಗಳು ಹಡಗುಗಟ್ಟಲೆ ಬಂದವು. ಉತ್ತರ ಪ್ರದೇಶದ ಫಿರೋಜಾಬಾದ್ ಬಳೆಗಳ ದೊಡ್ಡ ಪೇಟೆಯಾಗಿ ಬೆಳೆಯಿತು. ನಮ್ಮ ಹಳ್ಳಿಯ ಬಳೆಗಾರನ ಮಲಾರದಲ್ಲಿ ದೂರದೂರಿನ ಸರಕು ತುಂಬಿತು. ಮತ್ತೋಡು, ಚನ್ನಪಟ್ಟಣಗಳ ಗಾಜಿನ ಕುಲುಮೆಗಳು ಆರಿದವು. ಒಂದು ಕಸುಬು ನಿಂತಾಗ ಹೋಗುವುದು ಸರಕು ಮಾತ್ರವಲ್ಲ. ಎಷ್ಟು ಹೊತ್ತು ಕಾಯಬೇಕು, ಯಾವಾಗ ಬಾಗಿಲು ತೆಗೆಯಬೇಕು ಎಂಬ, ಯಾವ ಶಾಸನದಲ್ಲೂ ಬರೆಯದ ಕೈತಿಳಿವಳಿಕೆಯೂ ಹೋಗುತ್ತದೆ. ಇಂದು ಹೊಸದಾಗಿ ಮಣಿ ಮಾಡಲು ಹೊರಟವರು ಅದನ್ನು ಮೊದಲಿನಿಂದ ಕಲಿಯಬೇಕಾಗಿದೆ.

ಆ ತಿಳಿವಳಿಕೆಯ ಹಿಂದಿನ ವಿಜ್ಞಾನ ಹೀಗಿದೆ. ಮಂಜುಗಡ್ಡೆಯಂತೆ ಗಾಜಿಗೆ ಕರಗುವ ಒಂದು ಖಚಿತ ಬಿಂದುವಿಲ್ಲ. ಅದು ಆರುತ್ತಾ ಆರುತ್ತಾ ಪಾಕದಂತೆ ಮಂದವಾಗಿ ಕೊನೆಗೆ ಬಿಗಿಯುತ್ತದೆ. ಬಿಸಿ ಮಣಿಯನ್ನು ತಣ್ಣನೆಯ ಗಾಳಿಗೆ ಒಡ್ಡಿದರೆ ಹೊರಪದರ ಮೊದಲು ಬಿಗಿಯುತ್ತದೆ. ಒಳಗಿನದು ಇನ್ನೂ ಬಿಸಿ. ಆಮೇಲೆ ಒಳಭಾಗ ಕುಗ್ಗಲು ಹೊರಟಾಗ ಹೊರಗಿನ ಚಿಪ್ಪು ಜೊತೆಗೆ ಬರುವುದಿಲ್ಲ. ಈ ಜಗ್ಗಾಟ ಮಣಿಯಲ್ಲೇ ಉಳಿದುಬಿಡುತ್ತದೆ. ಕಣ್ಣಿಗೆ ಕಾಣದಿದ್ದರೂ ಒಂದು ಸಣ್ಣ ಗೀರು ಸಾಕು, ಅದು ಹೊರಬೀಳಲು.

ಯುರೋಪಿನಲ್ಲಿ ಈ ಗುಟ್ಟು ಒಂದು ಆಟಿಕೆಯ ಮೂಲಕ ಪ್ರಸಿದ್ಧವಾಯಿತು. ಕರಗಿದ ಗಾಜಿನ ಹನಿಯನ್ನು ನೀರಿಗೆ ಬೀಳಿಸಿದರೆ ಬಾಲವಿರುವ ಗೊದಮೊಟ್ಟೆಯಂಥ ತುಂಡಾಗುತ್ತದೆ. ಅದರ ತಲೆಯನ್ನು ಸುತ್ತಿಗೆಯಿಂದ ಹೊಡೆದರೂ ಒಡೆಯುವುದು ಕಷ್ಟ. ಬಾಲದ ತುದಿ ಮುರಿದರೆ ಇಡೀ ಹನಿ ಸಿಡಿದು ಪುಡಿಯಾಗುತ್ತದೆ. ರಾಜಕುಮಾರ ರೂಪರ್ಟ್ ಇಂಗ್ಲೆಂಡಿಗೆ ತಂದ ಈ ಹನಿಗಳನ್ನು 1661ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರು ಪರೀಕ್ಷಿಸಿದರು. ನಿಧಾನವಾಗಿ ಆರಿಸದ ಮಣಿಯೂ ಒಂದರ್ಥದಲ್ಲಿ ಅಂಥದೇ ಹನಿ.

ಇಷ್ಟು ತಿಳಿದ ಮೇಲೆ ಆಯ್ಕೆಯ ಮಾತಿಗೆ ಬರೋಣ. ಕೊತ್ತತ್ತಿಯ ಒಂದು ಮನೆಯಲ್ಲಿ ನಾಲ್ಕು ಮಂದಿ ಹೆಣ್ಣುಮಕ್ಕಳು ಸೇರಿ ಮಣಿ ಮಾಡಲು ತೊಡಗಿದ್ದಾರೆ ಎಂದು ಊಹಿಸಿಕೊಳ್ಳಿ. ಗ್ಯಾಸಿನ ಜ್ವಾಲೆಯಲ್ಲಿ ಗಾಜಿನ ಕಡ್ಡಿಯನ್ನು ಕರಗಿಸಿ, ಜೇಡಿ ಲೇಪಿಸಿದ ಉಕ್ಕಿನ ಸರಳಿಗೆ ಸುತ್ತಿ ಮಣಿ ಮಾಡುತ್ತಾರೆ. ಈಗ ಅವರಿಗೆ ಒಂದು ವಿದ್ಯುತ್ ಆವಿಗೆ ಬೇಕು. ವಿದ್ಯುತ್ತಿಗೂ ಈ ಸೀಮೆಗೂ ಹಳೆಯ ನಂಟು. ಕಾವೇರಿಯ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅವರು ಅಂಗಡಿಯವನನ್ನು ಏನೇನು ಕೇಳಬೇಕು?

ಹೆಚ್ಚಿನವರು ಮೊದಲು ಕೇಳುವುದು, ಇದು ಎಷ್ಟು ಡಿಗ್ರಿಯವರೆಗೆ ಕಾಯುತ್ತದೆ ಎಂದು. ಮಣಿಯ ಮಟ್ಟಿಗೆ ಅದು ಮುಖ್ಯ ಪ್ರಶ್ನೆಯಲ್ಲ. 1200 ಡಿಗ್ರಿಯ ಆವಿಗೆ ಪಿಂಗಾಣಿಗೆ ಬೇಕು. ಮಣಿಗೆ ಬಳಸುವ ಮೆದು ಗಾಜನ್ನು ಹದವಾಗಿ ಆರಿಸಲು ಸುಮಾರು 510ರಿಂದ 520 ಡಿಗ್ರಿ ಸೆಲ್ಸಿಯಸ್ ಸಾಕು. ಬಾಟಲಿಯ ಗಾಜಿಗೆ ಸುಮಾರು 550, ಪ್ರಯೋಗಶಾಲೆಯ ಬೋರೋಸಿಲಿಕೇಟ್ ಗಾಜಿಗೆ ಸುಮಾರು 565. ಮುಖ್ಯ ಪ್ರಶ್ನೆ ಬೇರೆಯೇ ಇದೆ: ಈ ಆವಿಗೆ ಕಾವನ್ನು ಎಷ್ಟು ನಿಧಾನವಾಗಿ, ಎಷ್ಟು ಸಮವಾಗಿ ಇಳಿಸುತ್ತದೆ? ಚಿಕ್ಕ ಮಣಿಗಳನ್ನು ಆ ಶಾಖದಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಇರಿಸಬೇಕು. ಬಳಿಕ ಗಂಟೆಗೆ 50 ಡಿಗ್ರಿಯಂತೆ 370ರವರೆಗೆ ಇಳಿಸಬೇಕು. ಇದಕ್ಕೇ ಮೂರು ಗಂಟೆ ಹಿಡಿಯುತ್ತದೆ. ಆಮೇಲೆ ಸ್ವಿಚ್ ಆರಿಸಿ, ಬಾಗಿಲು ತೆರೆಯದೆ ಮರುದಿನದವರೆಗೆ ಬಿಡುವುದು ಕ್ಷೇಮ.

ಎರಡನೆಯ ಪ್ರಶ್ನೆ ಗೋಡೆಯದು. ಪುಟ್ಟ ಆವಿಗೆಗಳಲ್ಲಿ ಎರಡು ಬಗೆ. ಒಂದರ ಒಳಗೋಡೆ ಹಗುರವಾದ ಸೆರಾಮಿಕ್ ನಾರಿನದು. ಅದು ಬೇಗ ಕಾಯುತ್ತದೆ, ವಿದ್ಯುತ್ ಉಳಿಸುತ್ತದೆ, ಆದರೆ ವಿದ್ಯುತ್ ನಿಂತರೆ ಬೇಗ ಆರುತ್ತದೆ. ನಾರಿನ ಧೂಳು ಉಸಿರಿಗೆ ಒಳ್ಳೆಯದಲ್ಲ. ಇನ್ನೊಂದು ಬೆಂಕಿ ಇಟ್ಟಿಗೆಯದು. ಕಾಯುವುದು ತಡ, ಆರುವುದೂ ತಡ. ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ ಹಳ್ಳಿಯಲ್ಲಿ ಈ ‘ತಡ’ವೇ ಲಾಭ. ಮತ್ತೋಡಿನ ಮಣ್ಣಿನ ದಿಣ್ಣೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಇಟ್ಟಿಗೆ ಮಾಡುತ್ತದೆ.

ಮೂರನೆಯದು ನಿಯಂತ್ರಕ. ಶಾಖವನ್ನು ತೋರಿಸುವ ಮಾಪಕವೊಂದೇ ಸಾಲದು. ಏರಿಕೆ, ತಂಗುವಿಕೆ, ಇಳಿಕೆ ಮೂರನ್ನೂ ಮೊದಲೇ ಗೊತ್ತುಮಾಡಬಲ್ಲ ಡಿಜಿಟಲ್ ನಿಯಂತ್ರಕ ಇರಲಿ. ವಿದ್ಯುತ್ ಹೋಗಿ ಬಂದರೆ ಅದು ನಿಂತಲ್ಲಿಂದ ಮುಂದುವರಿಯುತ್ತದೆಯೋ ಇಲ್ಲವೋ ಎಂದು ಕೇಳಿ ತಿಳಿಯಿರಿ. ಮಧ್ಯೆ ಕೆಲಸ ಕೆಟ್ಟರೂ ಎದೆಗುಂದಬೇಕಾಗಿಲ್ಲ. ಬಿರುಕು ಬಿಡದ ಮಣಿಗಳನ್ನು ಮರುದಿನ ತಣ್ಣನೆಯ ಆವಿಗೆಯಲ್ಲಿಟ್ಟು, ನಿಧಾನವಾಗಿ ಕಾಯಿಸಿ, ಮತ್ತೆ ಹದವಾಗಿ ಆರಿಸಬಹುದು.

ನಾಲ್ಕನೆಯದು ಬಾಗಿಲು. ಜ್ವಾಲೆಯಿಂದ ತೆಗೆದ ಮಣಿಯನ್ನು ಸರಳಿನ ಸಮೇತ ನೇರವಾಗಿ ಒಳಗಿಡುವುದಾದರೆ, ಪಕ್ಕದಲ್ಲಿ ಕಿರಿದಾದ ಕಿಂಡಿಯಿರುವ ಆವಿಗೆ ಬೇಕು. ದೊಡ್ಡ ಬಾಗಿಲನ್ನು ಪದೇ ಪದೇ ತೆರೆದರೆ ಒಳಗಿನ ಮಣಿಗಳಿಗೆ ತಂಗಾಳಿಯ ಪೆಟ್ಟು ಬೀಳುತ್ತದೆ. ಬಾಗಿಲು ತೆರೆದೊಡನೆ ಸುರುಳಿಯ ವಿದ್ಯುತ್ ಕಡಿದುಹೋಗುವ ಏರ್ಪಾಡು ಇರಲೇಬೇಕು. ಕೈಯಲ್ಲಿರುವುದು ಉಕ್ಕಿನ ಸರಳು ಎಂಬುದನ್ನು ಮರೆಯಬೇಡಿ.

ಕೊನೆಯದು ಮನೆಯ ವೈರಿಂಗ್. 1500 ವಾಟಿನ ಆವಿಗೆ 230 ವೋಲ್ಟಿನಲ್ಲಿ ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ. ದೀಪ, ಫ್ಯಾನುಗಳ ಸಣ್ಣ ಸಾಕೆಟ್ ಅದಕ್ಕೆ ಸಾಲದು. ಅರ್ಥಿಂಗ್ ಇರುವ 15 ಅಥವಾ 16 ಆಂಪಿಯರ್ ಸಾಕೆಟ್ ಹಾಕಿಸಬೇಕು.

ಆವಿಗೆಯಿಂದಲೂ ಆಗದ ಒಂದು ಕೆಲಸವಿದೆ. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವ ಎರಡು ಬಗೆಯ ಗಾಜನ್ನು ಒಂದೇ ಮಣಿಯಲ್ಲಿ ಬೆಸೆದರೆ, ಎಷ್ಟು ನಿಧಾನವಾಗಿ ಆರಿಸಿದರೂ ಅದು ಸೀಳುತ್ತದೆ. ಆದ್ದರಿಂದ ಬಾಟಲಿಯ ಚೂರು ಮತ್ತು ಕೊಂಡು ತಂದ ಕಡ್ಡಿಗಳನ್ನು ಬೆರೆಸಬೇಡಿ.

ಆರಿದ ಮಣಿ ಸರಿಯಾಗಿದೆಯೇ ಎಂದು ನೋಡುವ ಒಂದು ಪ್ರಯೋಗವನ್ನು ನಿಮ್ಮ ಕಾಲೇಜಿನಲ್ಲೇ ಮಾಡಬಹುದು. ಎರಡು ಪೋಲರಾಯ್ಡ್ ಹಾಳೆಗಳನ್ನು ಬೆಳಕಿಗೆ ಹಿಡಿದು, ಕತ್ತಲಾಗುವವರೆಗೆ ಒಂದನ್ನು ತಿರುಗಿಸಿ. ನಡುವೆ ಪಾರದರ್ಶಕ ಮಣಿಯನ್ನು ಇಡಿ. ಹದವಾಗಿ ಆರಿದ ಮಣಿ ಕತ್ತಲಲ್ಲೇ ಉಳಿಯುತ್ತದೆ. ಒಳಗೆ ಜಗ್ಗಾಟವಿದ್ದರೆ ಬೆಳಕಿನ ಪಟ್ಟೆಗಳು ಮೂಡುತ್ತವೆ. 1815ರ ಸುಮಾರಿಗೆ ಡೇವಿಡ್ ಬ್ರೂಸ್ಟರ್ ಕಂಡುಕೊಂಡ ತತ್ವ ಇದು. ಕರಿಮಣಿಯಂಥ ಅಪಾರದರ್ಶಕ ಗಾಜಿಗೆ ಈ ಪರೀಕ್ಷೆ ನಡೆಯದು. ಅಲ್ಲಿ ನಂಬಬೇಕಾದದ್ದು ಆವಿಗೆಯನ್ನು ಮತ್ತು ಕಾಯುವ ತಾಳ್ಮೆಯನ್ನು.

ಮಣಿ ಕೊಳ್ಳುವವರು ಬಣ್ಣ, ಹೊಳಪು ನೋಡಿ ಕೊಳ್ಳುತ್ತಾರೆ. ಅದು ಹೇಗೆ ಆರಿತು ಎಂಬುದು ಅವರಿಗೆ ಕಾಣುವುದಿಲ್ಲ. ಆದರೆ ಮಾಡಿದವರ ಹೆಸರು ಉಳಿಯುವುದೂ ಹೋಗುವುದೂ ಅದರಿಂದಲೇ. ಮುಂದೆ ವಸ್ತುಸಂಗ್ರಹಾಲಯದಲ್ಲಿ ಎರಡು ಸಾವಿರ ವರ್ಷ ಹಳೆಯ ಗಾಜಿನ ಮಣಿಯೊಂದನ್ನು ಕಂಡಾಗ, ಅದನ್ನು ಕರಗಿಸಿದ ಬೆಂಕಿಯ ಜೊತೆಗೆ, ಅದು ಆರುವವರೆಗೆ ಕಾದು ಕುಳಿತವರನ್ನೂ ನೆನೆಯಿರಿ.