ಸಮುದಾಯ, ಸಂಘ ಮತ್ತು ಸಂಸ್ಥೆ (ಸಮಾಜಶಾಸ್ತ್ರ)

ಸಮುದಾಯ, ಸಂಘ ಮತ್ತು ಸಂಸ್ಥೆ ಇವು ಸಮಾಜಶಾಸ್ತ್ರದ ಮೂಲ ಪರಿಕಲ್ಪನೆಗಳು. ಸ್ಕಾಟ್ಲೆಂಡ್‌ನಲ್ಲಿ ಜನಿಸಿದ ಸಮಾಜಶಾಸ್ತ್ರಜ್ಞ ಆರ್. ಎಂ. ಮ್ಯಾಕೈವರ್ (1882–1970) ಇವುಗಳ ನಡುವಿನ ಭೇದವನ್ನು ಸ್ಪಷ್ಟಪಡಿಸಿದವರಲ್ಲಿ ಪ್ರಮುಖರು. ದಿನಬಳಕೆಯ ಕನ್ನಡದಲ್ಲಿ ಈ ಪದಗಳಿಗೆ ಬೇರೆ ಅರ್ಥಗಳು ರೂಢಿಯಾಗಿರುವುದರಿಂದ ವಿದ್ಯಾರ್ಥಿಗಳು ಗೊಂದಲಕ್ಕೊಳಗಾಗುವುದುಂಟು. ತುಮಕೂರು ಜಿಲ್ಲೆಯ ಕೆಲವು ನಿದರ್ಶನಗಳ ಮೂಲಕ ಇವುಗಳನ್ನು ಇಲ್ಲಿ ವಿವರಿಸಲಾಗಿದೆ.

ಸಮುದಾಯ

ನಿರ್ದಿಷ್ಟ ಪ್ರದೇಶವೊಂದರಲ್ಲಿ ಒಟ್ಟಾಗಿ ಬಾಳುತ್ತ, 'ನಾವು' ಎಂಬ ಭಾವನೆಯನ್ನು ಹೊಂದಿರುವ ಜನಸಮೂಹವೇ ಸಮುದಾಯ. ವ್ಯಕ್ತಿಯ ಇಡೀ ಬದುಕು ಇದರೊಳಗೆ ಸಾಗಬಲ್ಲದು. ಹಳ್ಳಿ ಮತ್ತು ಪಟ್ಟಣಗಳು ಇದಕ್ಕೆ ಉದಾಹರಣೆಗಳು. 'ಜಾತಿ' ಎನ್ನಲು ಸಂಕೋಚಪಟ್ಟು 'ಸಮುದಾಯ' ಎಂದು ಬರೆಯುವ ವಾಡಿಕೆ ಪತ್ರಿಕೆಗಳಲ್ಲಿದೆ. ಶಾಸ್ತ್ರದ ದೃಷ್ಟಿಯಿಂದ ಇದು ಸಡಿಲ ಪ್ರಯೋಗ. ಒಂದು ಹಳ್ಳಿಯಲ್ಲಿ ಹಲವು ಜಾತಿಗಳಿರುತ್ತವೆ, ಒಂದು ಜಾತಿ ಹಲವು ಜಿಲ್ಲೆಗಳಲ್ಲಿ ಹರಡಿರುತ್ತದೆ.

ಸಂಘ

ನಿರ್ದಿಷ್ಟ ಉದ್ದೇಶಕ್ಕಾಗಿ ಸಂಘಟಿತವಾದ ಗುಂಪು ಸಂಘ. ಗುಬ್ಬಿಯಲ್ಲಿ 1884ರಲ್ಲಿ ಆರಂಭವಾಗಿ, 1917ರಲ್ಲಿ ಗುಬ್ಬಿ ವೀರಣ್ಣನವರ ಒಡೆತನಕ್ಕೆ ಬಂದ ಗುಬ್ಬಿ ನಾಟಕ ಕಂಪನಿ ಇಂತಹ ಒಂದು ಸಂಘ. ಊರಿನ ಹೆಸರನ್ನು ಹೊತ್ತಿದ್ದರೂ ಅದು ಊರೂರುಗಳಲ್ಲಿ ಕ್ಯಾಂಪ್ ಹಾಕುತ್ತಿತ್ತು. ನಟರು ಸೇರುತ್ತಿದ್ದರು, ಬಿಡುತ್ತಿದ್ದರು. ರಾಜ್‌ಕುಮಾರ್, ನರಸಿಂಹರಾಜು ಮೊದಲಾದವರು ಅಲ್ಲಿ ಅಭಿನಯಿಸಿ ಮುಂದೆ ಚಿತ್ರರಂಗದಲ್ಲಿ ನೆಲೆಗೊಂಡರು. ಸ್ವಇಚ್ಛೆಯ ಈ ಸದಸ್ಯತ್ವ ಸಂಘದ ಮುಖ್ಯ ಲಕ್ಷಣ.

ಸಂಸ್ಥೆ

ಹೆಚ್ಚಿನ ತೊಡಕಿರುವುದು ಇಲ್ಲಿ. ಆಡುಮಾತಿನಲ್ಲಿ ಸಂಸ್ಥೆಯೆಂದರೆ ಕಚೇರಿ, ಕಟ್ಟಡ, ಆಡಳಿತ ಮಂಡಳಿ. ಸಮಾಜಶಾಸ್ತ್ರದಲ್ಲಿ ಸಂಸ್ಥೆಯೆಂದರೆ ಗುಂಪಿನ ಚಟುವಟಿಕೆಯನ್ನು ನಿಯಂತ್ರಿಸುವ, ನೆಲೆಗೊಂಡ ಕಾರ್ಯವಿಧಾನ. ಕುಟುಂಬ ಸಂಘವಾದರೆ ವಿವಾಹ ಸಂಸ್ಥೆ. ಸಂಘಕ್ಕೆ ಸದಸ್ಯರಾಗಬಹುದು, ಸಂಸ್ಥೆಗೆ ಸದಸ್ಯರಾಗಲು ಬರುವುದಿಲ್ಲ. ಈ ಅರ್ಥದಲ್ಲಿ ನಾವು 'ವಿದ್ಯಾಸಂಸ್ಥೆ' ಎನ್ನುವುದು ವಾಸ್ತವವಾಗಿ ಒಂದು ಸಂಘ, ಶಿಕ್ಷಣವೇ ಸಂಸ್ಥೆ. ತುಮಕೂರಿನ ಸಿದ್ಧಗಂಗಾ ಮಠವನ್ನು ಸಂಘಟನೆಯಾಗಿ ನೋಡಿದರೆ ಸಂಘ. ಅಲ್ಲಿ ನಡೆದುಬಂದಿರುವ ದಾಸೋಹವೂ ಗುರುಶಿಷ್ಯ ಪರಂಪರೆಯ ಉತ್ತರಾಧಿಕಾರವೂ ಸಂಸ್ಥೆಗಳು. 1941ರಿಂದ ಮಠವನ್ನು ಮುನ್ನಡೆಸಿದ ಶ್ರೀ ಶಿವಕುಮಾರ ಸ್ವಾಮೀಜಿಯವರು 2019ರ ಜನವರಿ 21ರಂದು ಲಿಂಗೈಕ್ಯರಾದ ಬಳಿಕವೂ ದಾಸೋಹ ಮುಂದುವರಿದಿದೆ. ವ್ಯಕ್ತಿಯ ನಂತರವೂ ಉಳಿಯುವುದು ಸಂಸ್ಥೆಯ ಸ್ವಭಾವ.

ಕೆರೆಯ ನಿದರ್ಶನ

ಮೂರು ಪರಿಕಲ್ಪನೆಗಳನ್ನೂ ಒಟ್ಟಿಗೆ ಕಾಣಲು ಕೆರೆಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ಜನಪದ ಗೀತೆಯಿಂದ ಹೆಸರಾದ ಕುಣಿಗಲ್ ಕೆರೆ ಈ ಜಿಲ್ಲೆಯದೇ. ಹಳೆಯ ಮೈಸೂರು ಸೀಮೆಯಲ್ಲಿ ಕೆರೆಯ ಕೆಳಗಿನ ಊರು ಒಂದು ಸಮುದಾಯ. ತೂಬು ತೆರೆದು ಗದ್ದೆಗಳಿಗೆ ಸರದಿಯಂತೆ ನೀರು ಹಾಯಿಸುತ್ತಿದ್ದವನು ನೀರಗಂಟಿ. ಸುಗ್ಗಿಯಲ್ಲಿ ಅವನಿಗೆ ಧಾನ್ಯರೂಪದ ಆಯ ಸಲ್ಲುತ್ತಿತ್ತು. ಸರದಿ, ಆಯ, ಹೂಳೆತ್ತುವ ಹೊಣೆ ಇವೆಲ್ಲ ಸೇರಿ ಒಂದು ಸಂಸ್ಥೆ. ಅದು ಸಮಾನತೆಯ ವ್ಯವಸ್ಥೆಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು: ಹಲವೆಡೆ ಈ ಕೆಲಸ ದಲಿತ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬರುತ್ತಿತ್ತು, ನೀರು ಹಂಚುವವನಿಗೆ ಸ್ವಂತ ಗದ್ದೆ ಇಲ್ಲದಿರುವುದು ಅಪರೂಪವಾಗಿರಲಿಲ್ಲ.

2002ರಲ್ಲಿ ವಿಶ್ವಬ್ಯಾಂಕ್ ನೆರವಿನೊಂದಿಗೆ ಆರಂಭವಾದ ಜಲಸಂವರ್ಧನೆ ಯೋಜನೆಯಡಿ ತುಮಕೂರು ಸೇರಿದಂತೆ ಹಲವು ಜಿಲ್ಲೆಗಳಲ್ಲಿ ಕೆರೆ ಬಳಕೆದಾರರ ಸಂಘಗಳು ರಚನೆಯಾದವು. ಇವು ನೋಂದಣಿ, ಸದಸ್ಯತ್ವ, ಪದಾಧಿಕಾರಿಗಳುಳ್ಳ ಶುದ್ಧ ಸಂಘಗಳು. ಸಂಘವನ್ನು ಒಂದು ಸಭೆಯಲ್ಲಿ ಸ್ಥಾಪಿಸಬಹುದು. ಸರದಿಯನ್ನು ಎಲ್ಲರೂ ಒಪ್ಪಿ ನಡೆಯುವ ರೂಢಿ ಹಾಗೆ ಹುಟ್ಟುವುದಿಲ್ಲ. ಕೊಳವೆಬಾವಿಗಳು ಹೆಚ್ಚಿ ರೈತರಿಗೆ ತೂಬಿನ ನೀರಿನ ಅವಲಂಬನೆ ತಗ್ಗಿದಲ್ಲಿ, ಸಂಘದ ಹೆಸರು ದಾಖಲೆಯಲ್ಲಿದ್ದರೂ ಸರದಿಯನ್ನು ಕಾಯುವವರು ಇಲ್ಲವಾಗುತ್ತಾರೆ.