ಚಾವಣಿಯ ಮೇಲಿನ ಗಾಜು, ಗಾಲಿಯ ಕೆಳಗಿನ ಗುಂಡಿ

1955ರ ಆಗಸ್ಟ್ 31ರಂದು ಶಿಕಾಗೊದಲ್ಲಿ, ಜನರಲ್ ಮೋಟರ್ಸ್ ಕಂಪನಿಯ ‘ಪವರಾಮಾ’ ಪ್ರದರ್ಶನದಲ್ಲಿ ವಿಲಿಯಂ ಕಾಬ್ 15 ಇಂಚು ಉದ್ದದ ಕಾರೊಂದನ್ನು ಓಡಿಸಿ ತೋರಿಸಿದರು. ಬೆನ್ನ ಮೇಲೆ ಸೆಲೆನಿಯಂನ 12 ಕೋಶಗಳು, ಒಳಗೊಂದು ಪುಟಾಣಿ ಮೋಟರು, ಅಷ್ಟೇ. ಸೌರ ವಾಹನಗಳ ಕಥೆ ಸಾಮಾನ್ಯವಾಗಿ ಇಲ್ಲಿಂದಲೇ ಶುರುವಾಗುತ್ತದೆ. ಅಲ್ಲಿಂದ ಮುಂದೆ ಎಲ್ಲರೂ ಲೆಕ್ಕ ಹಾಕಿದ್ದು ಬಿಸಿಲನ್ನು: ಎಷ್ಟು ವ್ಯಾಟ್ ಸಿಕ್ಕಿತು, ಎಷ್ಟು ದೂರ ಓಡಿತು ಎಂದು. ಫಲಕವನ್ನು ಕೆಳಗಿನಿಂದ ಕುಲುಕುತ್ತಿದ್ದ ರಸ್ತೆಯ ಲೆಕ್ಕ ಇಟ್ಟವರು ಕಡಿಮೆ. ಈ ವಾಹನಗಳ ರೂಪ ತಿದ್ದುವುದರಲ್ಲಿ ಬಿಸಿಲಿನಷ್ಟೇ ದೊಡ್ಡ ಪಾಲು ಆ ಕುಲುಕಾಟದ್ದೂ ಇದೆ.

ನಡುಕವನ್ನು ತಾಳಬಲ್ಲ ಫಲಕ ಮೊದಲು ಬೇಕಾದದ್ದು ರಾಕೆಟ್ಟಿನವರಿಗೆ. 1958ರ ಮಾರ್ಚ್ 17ರಂದು ಮೇಲೇರಿದ ಅಮೆರಿಕದ ವ್ಯಾನ್‌ಗಾರ್ಡ್-1 ಉಪಗ್ರಹದ ಸೌರಕೋಶಗಳು ಉಡಾವಣೆಯ ಅಬ್ಬರ ತಡೆದುಕೊಂಡು 1964ರವರೆಗೂ ಅದರ ರೇಡಿಯೊಗೆ ವಿದ್ಯುತ್ ಕೊಟ್ಟವು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಯು.ಆರ್. ರಾವ್ ಅವರ ತಂಡ ಕಟ್ಟಿದ ‘ಆರ್ಯಭಟ’ ಉಪಗ್ರಹಕ್ಕೂ ಮೈತುಂಬ ಸೌರಫಲಕಗಳೇ ಇದ್ದವು, 1975ರ ಏಪ್ರಿಲ್ 19ರಂದು ಅದು ಸೋವಿಯತ್ ರಾಕೆಟ್ಟಿನಲ್ಲಿ ಹಾರಿತು. ಆದರೆ ರಾಕೆಟ್ಟಿನ ನಡುಕ ನಿಮಿಷಗಳಲ್ಲಿ ಮುಗಿಯುತ್ತದೆ. ಕಾರಿನ ಮೇಲಿನ ಫಲಕ ಹತ್ತು ಹದಿನೈದು ವರ್ಷ ನಡುಗುತ್ತಲೇ ಇರಬೇಕು.

ಜನ ಕೂತು ಓಡಿಸಬಹುದಾದ ಕಾರಿಗೆ ಫಲಕ ಏರಿದ್ದು 1960ರಲ್ಲಿ. ಇಂಟರ್‌ನ್ಯಾಷನಲ್ ರೆಕ್ಟಿಫೈಯರ್ ಕಂಪನಿ 1912ರ ಹಳೆಯ ಬೇಕರ್ ಎಲೆಕ್ಟ್ರಿಕ್ ಕಾರಿನ ನೆತ್ತಿಗೆ 10,640 ಸಣ್ಣ ಕೋಶಗಳ ಒಂದು ಅಗಲವಾದ ಫಲಕ ಕೂರಿಸಿತು. ಅದು ಮುಖ್ಯವಾಗಿ ಪ್ರದರ್ಶನದ ಗಾಡಿ. ನಿಜವಾದ ರಸ್ತೆಯ ಪರೀಕ್ಷೆ ನಡೆದದ್ದು ಆಸ್ಟ್ರೇಲಿಯಾದಲ್ಲಿ. ಹ್ಯಾನ್ಸ್ ಥೋಲ್‌ಸ್ಟ್ರಪ್ ಮತ್ತು ಲ್ಯಾರಿ ಪರ್ಕಿನ್ಸ್ 1982ರ ಡಿಸೆಂಬರ್ 19ರಂದು ಪರ್ತ್‌ನಿಂದ ‘ಕ್ವಯಟ್ ಅಚೀವರ್’ ಎಂಬ ಗಾಡಿ ಹೊರಡಿಸಿ, ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಕ್ರಮಿಸಿ, 1983ರ ಜನವರಿ 7ರಂದು ಸಿಡ್ನಿ ಮುಟ್ಟಿದರು. ಅದು ಪುಟ್ಟ ದೋಣಿಯಂಥ ಒಡಲಿನ ಮೇಲೆ ಕಂಬಿ ನಿಲ್ಲಿಸಿ, ಸಿದ್ಧ ಫಲಕಗಳನ್ನು ಸಾಲಾಗಿ ಜೋಡಿಸಿದ್ದ ಗಾಡಿ. ಸರಾಸರಿ ವೇಗ ಗಂಟೆಗೆ 23 ಕಿಲೋಮೀಟರ್. ಆ ನಿಧಾನದಲ್ಲಿ ಫಲಕಗಳ ಮೇಲೆ ಬೀಳುವ ಪೆಟ್ಟೂ ಸಣ್ಣದು.

ವೇಗ ಏರಿದರೆ ಆಗುವುದೇನು ಎಂದು ಹತ್ತಿರದಿಂದ ನೋಡಬೇಕು. ಸೌರಫಲಕದೊಳಗಿನ ಸಿಲಿಕಾನ್ ಬಿಲ್ಲೆಯ ದಪ್ಪ ಈಗ ಮಿಲಿಮೀಟರಿನ ಐದನೇ ಒಂದು ಪಾಲಿಗಿಂತಲೂ ಕಡಿಮೆ. ಅದು ಬಾಗುವ ವಸ್ತುವಲ್ಲ, ಒಡೆಯುವ ವಸ್ತು. ಬಿಲ್ಲೆಯಿಂದ ಬಿಲ್ಲೆಗೆ ತಾಮ್ರದ ಸಣ್ಣ ಪಟ್ಟಿಗಳನ್ನು ಬೆಸುಗೆ ಹಾಕಿ, ಮೇಲೆ ಕೆಳಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು, ಗಾಜಿಗೆ ಅಂಟಿಸಿರುತ್ತಾರೆ. ಅಗಲವಾದ ಚಪ್ಪಟೆ ಫಲಕವನ್ನು ನಾಲ್ಕು ಅಂಚಿನಲ್ಲಷ್ಟೇ ಹಿಡಿದು ಅಲ್ಲಾಡಿಸಿದರೆ ಅದರ ನಡುಭಾಗ ತಮಟೆಯ ಚರ್ಮದ ಹಾಗೆ ಮೇಲೆ ಕೆಳಗೆ ಮಿಡಿಯುತ್ತದೆ. ಪ್ರತಿ ಮಿಡಿತಕ್ಕೂ ಬಿಲ್ಲೆಗಳ ನಡುವಿನ ತಾಮ್ರದ ಪಟ್ಟಿ ಒಂದಿಷ್ಟು ಹಿಗ್ಗಿ, ಒಂದಿಷ್ಟು ಮಡಿಯುತ್ತದೆ. ಲಕ್ಷಾಂತರ ಸಲ ಹೀಗಾದ ಮೇಲೆ ಪಟ್ಟಿ ದಣಿದು ತುಂಡಾಗುತ್ತದೆ, ಇಲ್ಲವೇ ಬಿಲ್ಲೆಯಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ.

ಇದಕ್ಕೆ ವಾಹನವೇ ತಾಳ ಕೊಡುತ್ತದೆ. ಸ್ಪ್ರಿಂಗುಗಳ ಮೇಲೆ ಕಾರಿನ ಒಡಲು ಸೆಕೆಂಡಿಗೆ ಒಂದೆರಡು ಸಲ ತೂಗುತ್ತದೆ, ಗಾಲಿಗಳು ಹತ್ತು ಹದಿನೈದು ಸಲ ಕುಣಿಯುತ್ತವೆ. ನಿಂತಲ್ಲೇ ಗುರುಗುಡುವ ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ತಿರುಗಿದರೆ ಸೆಕೆಂಡಿಗೆ ಸುಮಾರು 27 ಮಿಡಿತ. ದೊಡ್ಡ ಚಪ್ಪಟೆ ಫಲಕದ ಸ್ವಂತ ಮಿಡಿತವೂ ಇದೇ ಆಸುಪಾಸಿನಲ್ಲಿ ಬಂದುಬಿಡಬಹುದು. ಎರಡೂ ಕೂಡಿಕೊಂಡರೆ ಅನುರಣನ. ಚಾವಣಿಯ ಸಣ್ಣ ಅದುರು ಫಲಕದಲ್ಲಿ ಹಲವು ಪಟ್ಟು ದೊಡ್ಡದಾಗುತ್ತದೆ. ಈ ಕೆಡುಕು ಕಣ್ಣಿಗೆ ಕಾಣುವುದಿಲ್ಲ. ಕತ್ತಲಲ್ಲಿ ಫಲಕಕ್ಕೆ ವಿದ್ಯುತ್ ಹರಿಸಿ, ಅದು ಸೂಸುವ ಅವಕೆಂಪು ಬೆಳಕನ್ನು ವಿಶೇಷ ಕ್ಯಾಮೆರಾದಿಂದ ಸೆರೆಹಿಡಿದಾಗ ಬಿರುಕುಗಳು ಕಪ್ಪು ಗೆರೆಗಳಾಗಿ, ಸಂಪರ್ಕ ಕಳೆದುಕೊಂಡ ಭಾಗಗಳು ಕಪ್ಪು ತೇಪೆಗಳಾಗಿ ಎದ್ದು ಕಾಣುತ್ತವೆ. ಒಂದೇ ಸರಣಿಯಲ್ಲಿ ಕಟ್ಟಿದ ಕೋಶಗಳಲ್ಲಿ ಒಂದು ಸೊರಗಿದರೂ ಉಳಿದವೆಲ್ಲ ಅದರ ಮಟ್ಟಕ್ಕೆ ಇಳಿಯುತ್ತವೆ.

ಅದಕ್ಕೇ 1987ರ ‘ಸನ್‌ರೇಸರ್’ ಕಾರು ಈ ಇತಿಹಾಸದಲ್ಲಿ ದೊಡ್ಡ ತಿರುವು. ಡಾರ್ವಿನ್‌ನಿಂದ ಅಡಿಲೇಡ್‌ಗೆ ಸುಮಾರು 3,000 ಕಿಲೋಮೀಟರಿನ ಮೊದಲ ವರ್ಲ್ಡ್ ಸೋಲಾರ್ ಚಾಲೆಂಜ್ ಸ್ಪರ್ಧೆಯನ್ನು ಅದು ಗಂಟೆಗೆ 66.9 ಕಿಲೋಮೀಟರ್ ಸರಾಸರಿಯಲ್ಲಿ ಗೆದ್ದಿತು. ಪಾಲ್ ಮೆಕ್‌ಕ್ರೆಡಿ ಅವರ ಏರೋವೈರನ್‌ಮೆಂಟ್ ಸಂಸ್ಥೆಯೂ ಕೈಜೋಡಿಸಿದ್ದ ಈ ಕಾರಿನಲ್ಲಿ ಫಲಕ ಬೇರೆ, ಗಾಡಿ ಬೇರೆ ಎಂಬುದೇ ಇರಲಿಲ್ಲ. ಕೆವ್ಲಾರ್ ಹಾಳೆಗಳ ನಡುವೆ ಜೇನುಗೂಡಿನ ವಿನ್ಯಾಸದ ತಿರುಳಿಟ್ಟ ಬಾಗಿದ ಕವಚದ ಮೇಲೆಯೇ ಕೋಶಗಳನ್ನು ಹಾಸಿದ್ದರು. ಬಾಗು ಬೇಕಾಗಿದ್ದದ್ದು ಗಾಳಿ ಸೀಳಲೆಂದು. ಆದರೆ ಬಾಗಿದ ಹಗುರ ಕವಚ ಚಪ್ಪಟೆ ಹಲಗೆಗಿಂತ ಬಹಳ ಬಿಗಿ. ಬಿಗಿ ಹೆಚ್ಚಿದಷ್ಟೂ ಅದರ ಸ್ವಂತ ಮಿಡಿತ ರಸ್ತೆಯ ಮಿಡಿತದಿಂದ ಮೇಲೆ, ದೂರಕ್ಕೆ ಸರಿಯುತ್ತದೆ.

ಮಾರಾಟದ ಕಾರುಗಳು ಈ ದಾರಿಗೆ ನಿಧಾನವಾಗಿ ಬಂದವು. ಟೊಯೊಟಾ ಪ್ರಿಯಸ್‌ನ ಸೌರ ಚಾವಣಿ ಮೊದಲು ಒಳಗಿನ ಫ್ಯಾನ್ ತಿರುಗಿಸಲಷ್ಟೇ ಇತ್ತು. 2017ರಲ್ಲಿ ಜಪಾನಿನಲ್ಲಿ ಬಂದ ಪ್ಲಗ್-ಇನ್ ಮಾದರಿಯ 180 ವ್ಯಾಟ್‌ನ ಬಾಗಿದ ಫಲಕ ಕಾರು ಓಡಿಸುವ ಬ್ಯಾಟರಿಯನ್ನೇ ತುಂಬಿತು. ಜರ್ಮನಿಯ ಸೋನೊ ಮೋಟರ್ಸ್ ಗಾಜನ್ನೇ ಬಿಟ್ಟು ಪಾಲಿಮರ್ ಒಡಲಲ್ಲಿ ಕೋಶಗಳನ್ನು ಹುದುಗಿಸಲು ಹೊರಟಿತು. ನೆದರ್‌ಲ್ಯಾಂಡ್ಸಿನ ಲೈಟ್‌ಇಯರ್ ಕಂಪನಿ ತನ್ನ ಕಾರಿಗೆ 5 ಚದರ ಮೀಟರ್ ಬಾಗಿದ ಗಾಜಿನ ಫಲಕ ಹೊದಿಸಿತು. 2023ರ ಆರಂಭದಲ್ಲಿ ಈ ಎರಡೂ ಕಂಪನಿಗಳ ಕಾರುಗಳು ಹಣದ ಮುಗ್ಗಟ್ಟಿಗೆ ನಿಂತುಹೋದವು. ಸೋನೊ ಬಸ್ಸು, ಲಾರಿಗಳ ಚಾವಣಿಗೆ ಫಲಕ ಒದಗಿಸುವ ಕೆಲಸಕ್ಕೆ ಹೊರಳಿತು.

ಭಾರತದಲ್ಲಿ ಈ ಚರಿತ್ರೆ ಬರೆದವರಲ್ಲಿ ಕೋಲಾರದ ಸಯ್ಯದ್ ಸಜ್ಜನ್ ಅಹ್ಮದ್ ಅವರನ್ನು ಮರೆಯಬಾರದು. ಓದನ್ನು ಅರ್ಧಕ್ಕೆ ಬಿಟ್ಟು, ಎಲೆಕ್ಟ್ರಾನಿಕ್ಸ್ ರಿಪೇರಿಯಿಂದ ಬದುಕು ಕಟ್ಟಿಕೊಂಡ ಅವರು 2015ರಲ್ಲಿ 100 ವ್ಯಾಟ್‌ನ ಐದು ಫಲಕ ಹೊತ್ತ, ತಾವೇ ಕಟ್ಟಿದ ಕಾರನ್ನು ಬೆಂಗಳೂರಿನಿಂದ ದೆಹಲಿಗೆ ಸುಮಾರು 3,000 ಕಿಲೋಮೀಟರ್ ಓಡಿಸಿ, ಐಐಟಿಯಲ್ಲಿ ನಡೆದ ವಿಜ್ಞಾನ ಉತ್ಸವಕ್ಕೆ ತಲುಪಿದರು. ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ‘ಸೋಲಾರ್‌ಮೊಬಿಲ್’ ತಂಡವೂ ಅದೇ ವರ್ಷ ಬೆಂಗಳೂರಿನ ಟಾಟಾ ಪವರ್ ಸೋಲಾರ್ ನೆರವಿನಿಂದ ‘ಸರ್ವ್’ ಎಂಬ ಕಾರು ತಯಾರಿಸಿತು. ರಸ್ತೆ ಬಿಟ್ಟು ಹಳಿಗೆ ಬಂದರೆ, 2017ರ ಜುಲೈ 14ರಂದು ದೆಹಲಿಯಲ್ಲಿ ಚಾಲನೆಗೊಂಡ ರೈಲೊಂದರ ಬೋಗಿಗಳ ಮೇಲೆ ತಲಾ 16 ಫಲಕಗಳಿದ್ದವು. ಎಳೆಯುತ್ತಿದ್ದದ್ದು ಡೀಸೆಲ್ ಎಂಜಿನ್ನೇ. ದೀಪ, ಫ್ಯಾನುಗಳಿಗೆ ಬಿಸಿಲು. ಹಳಿಯ ಸಂದುಗಳ ಪೆಟ್ಟನ್ನು ದಿನವಿಡೀ ತಿನ್ನುವ ಕೆಲಸ ಆ ಫಲಕಗಳದಾಗಿತ್ತು.

ನಿಯಮಗಳು ಮಾತ್ರ ಹಿಂದುಳಿದಿವೆ. ಫಲಕಗಳಿಗಿರುವ ಮುಖ್ಯ ಮಾನದಂಡ ಐಇಸಿ 61215 ಗಾಳಿಯ ಒತ್ತಡ, ಆಲಿಕಲ್ಲು, ಬಿಸಿ ತಂಪುಗಳನ್ನು ನೋಡುತ್ತದೆ. ಅದು ನಿಂತ ನೆಲದ ಮೇಲಿನ ಫಲಕಕ್ಕೆ ಬರೆದದ್ದು. ಲಾರಿಯಲ್ಲಿ ಸಾಗಿಸುವಾಗಲೇ ಫಲಕಗಳು ಬಿರುಕು ಬಿಡುವುದು ಗೊತ್ತಾದ ಮೇಲೆ 2015ರಲ್ಲಿ ಸಾಗಣೆಯ ಪರೀಕ್ಷೆಗೆಂದು ಐಇಸಿ 62759-1 ಬಂತು. ವಾಹನದ ವಿದ್ಯುತ್ ಭಾಗಗಳನ್ನು ಕುಲುಕಿ ನೋಡಲು ಐಎಸ್‌ಒ 16750-3 ಇದೆ. ಇವನ್ನೆಲ್ಲ ಒಟ್ಟುಗೂಡಿಸಿ, ನಮ್ಮ ಹಂಪು ಗುಂಡಿಗಳ ರಸ್ತೆಯನ್ನು ಅಳೆದು ಪರೀಕ್ಷೆ ನಡೆಸುವುದು ತಯಾರಕರ ಹೊಣೆ. ಸೌರ ಚಾವಣಿಯ ಆಟೊ, ಕಾರು, ಬಸ್ಸು ಕೊಳ್ಳುವವರು ಎಷ್ಟು ವ್ಯಾಟ್ ಎಂದು ಕೇಳುವಾಗಲೇ, ಫಲಕವನ್ನು ಎಷ್ಟು ಗಂಟೆ ಕುಲುಕಿ ನೋಡಿದ್ದೀರಿ, ಕುಲುಕುವ ಮೊದಲಿನ ಮತ್ತು ಆಮೇಲಿನ ಬಿರುಕಿನ ಚಿತ್ರ ಎಲ್ಲಿ ಎಂದೂ ಕೇಳಲಿ.