ಬರಿದಾದ ಚಾಮರಾಜಸಾಗರ: ಅರ್ಕಾವತಿ ಜಲಾನಯನದ ಮೇಲುಭಾಗದ ಒಂದು ವಿಚಾರ

ತಿಪ್ಪಗೊಂಡನಹಳ್ಳಿಯ ಅಣೆಕಟ್ಟು ಇರುವುದು ಮಾಗಡಿ ತಾಲ್ಲೂಕಿನಲ್ಲಿ. ಅದರ ಹಣೆಬರಹ ನಿರ್ಧಾರವಾದದ್ದು ಬೆಂಗಳೂರು ಗ್ರಾಮಾಂತರದ ಹೊಲಗಳಲ್ಲಿ. ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿಸುತ್ತ ಹೆಸರಘಟ್ಟಕ್ಕೆ ಇಳಿಯುತ್ತದೆ. ಶಿವಗಂಗೆಯ ಕುಮುದ್ವತಿ ನೆಲಮಂಗಲ ಸೀಮೆಯನ್ನು ಹಾದು ಬರುತ್ತದೆ. 1896ರಿಂದ ಬೆಂಗಳೂರಿಗೆ ನೀರುಣಿಸಿದ ಹೆಸರಘಟ್ಟ ಸಾಲದಾದಾಗ, ಈ ಎರಡು ಹೊಳೆಗಳ ಸಂಗಮದಲ್ಲಿ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ, ಅಂದರೆ ಚಾಮರಾಜಸಾಗರ, ಸಿದ್ಧವಾಯಿತು. ಸುಮಾರು 3.3 ಟಿಎಂಸಿ ಹಿಡಿಯಬಲ್ಲ ಆ ಜಲಾಶಯದಿಂದ ನಗರಕ್ಕೆ ಪೂರೈಕೆ 2012ರಲ್ಲಿ ನಿಂತಿತು.

ಮಳೆ ಕಡಿಮೆಯಾಯಿತು ಎಂಬ ವಿವರಣೆ ಸುಲಭ, ಆದರೆ ನಿಲ್ಲುವುದಿಲ್ಲ. ಏಟ್ರೀ ಸಂಸ್ಥೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವು ಮಳೆ, ಉಷ್ಣಾಂಶಗಳನ್ನು ಪರಿಶೀಲಿಸಿ, ಕೊಳವೆಬಾವಿ, ನೀಲಗಿರಿ ತೋಪು, ಹಳ್ಳಗಳಿಗೆ ಅಡ್ಡಲಾದ ಕಟ್ಟೆಗಳ ಕಡೆಗೇ ಬೆರಳು ತೋರಿತು. ಈ ಮೂರರಲ್ಲಿ ಅಂತರ್ಜಲವೇ ಮುಖ್ಯವೆಂದು ನನ್ನ ನಿಲುವು. ತೆರೆದ ಬಾವಿಗಳ ಕಾಲದಲ್ಲಿ ನೆಲದೊಳಗಿನ ನೀರಿನ ಮಟ್ಟ ಹಳ್ಳದ ತಳಕ್ಕಿಂತ ಮೇಲಿತ್ತು. ಮಳೆ ನಿಂತ ಮೇಲೂ ಒರತೆ ಜಿನುಗಿ ಹೊಳೆ ಹರಿಯುತ್ತಿತ್ತು. ಕೊಳವೆಬಾವಿ ಆ ಮಟ್ಟವನ್ನು ನೂರಾರು ಅಡಿ ಕೆಳಗಿಳಿಸಿತು. ಈಗ ಹಳ್ಳವೇ ನೆಲಕ್ಕೆ ನೀರು ಕೊಡುತ್ತದೆ. ರಾಗಿ ಹೊಲದ ಜಾಗಕ್ಕೆ ಬಂದ ನೀಲಗಿರಿ ಆಳದ ತೇವವನ್ನೂ ಹೀರಿದ್ದರಿಂದ, ಹದವಾದ ಮಳೆ ಒಣಗಿದ ಮಣ್ಣನ್ನು ನೆನೆಸುವುದರಲ್ಲೇ ಮುಗಿದು, ಕೆರೆ ಕೋಡಿ ಬೀಳುವುದೇ ಅಪರೂಪವಾಯಿತು. ಮೇಲಿನ ಕೆರೆ ಕೋಡಿ ಬೀಳದಿದ್ದರೆ ಕೆಳಗಿನ ಕೆರೆಗೆ ನೀರಿಲ್ಲ, ಜಲಾಶಯಕ್ಕಂತೂ ಇಲ್ಲವೇ ಇಲ್ಲ.

ಇದರಲ್ಲಿ ರೈತನನ್ನು ಅಪರಾಧಿಯಾಗಿಸುವುದು ಅನ್ಯಾಯ. ಕೂಲಿಯಾಳು ಸಿಗದ ಹೊಲಕ್ಕೆ ನೀಲಗಿರಿಯನ್ನು ತಂದದ್ದು ಸರ್ಕಾರದ್ದೇ ಸಾಮಾಜಿಕ ಅರಣ್ಯ ಯೋಜನೆ. ಅದನ್ನು ನೆಡಬಾರದೆಂಬ ಆದೇಶ ಬಂದದ್ದು 2017ರಲ್ಲಿ. ಜಲಾನಯನದ ರಕ್ಷಣೆಗೆ 2003ರ ನವೆಂಬರಿನಲ್ಲಿ ಹೊರಟ ಆದೇಶವೂ ವಲಯಗಳನ್ನು ಗುರುತಿಸಿ ಮುಖ್ಯವಾಗಿ ಕಟ್ಟಡ, ಕೈಗಾರಿಕೆ, ತ್ಯಾಜ್ಯಗಳ ಮೇಲೆ ಕಣ್ಣಿಟ್ಟಿತು. ಅದು ಬೇಕಾದದ್ದೇ: ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಕೆಳಗಿನ ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳ ಜನ ಕೊಳಚೆಯ ವಿರುದ್ಧ ಇಂದಿಗೂ ಹೋರಾಡುತ್ತಿದ್ದಾರೆ. ಆದರೆ ನದಿಯ ಅಂಚಿನಿಂದ ಅಳೆದು ಎಳೆದ ಗೆರೆ, ಅದರಿಂದ ದೂರದ ಹೊಲದ ಕೊಳವೆಬಾವಿಯನ್ನು ಮುಟ್ಟುವುದಿಲ್ಲ. ಎತ್ತಿನಹೊಳೆ ಯೋಜನೆ ತಿಪ್ಪಗೊಂಡನಹಳ್ಳಿಗೂ ಒಂದು ಪಾಲು ಇಟ್ಟಿದೆ. ಸಕಲೇಶಪುರದಿಂದ ಎತ್ತಿ ತರುವ ಆ ನೀರಿನ ಲೆಕ್ಕದ ಜೊತೆಗೆ, ಅರ್ಕಾವತಿಯ ಒಂದೊಂದು ಉಪಹಳ್ಳದ ಅಂತರ್ಜಲದ ಲೆಕ್ಕವನ್ನೂ ಕೆರೆಯ ಅಚ್ಚುಕಟ್ಟಿನವರ ಕೈಯಲ್ಲೇ ಬರೆಸಬೇಕು.